ದುಡ್ಡು ಯಾವಾಗ ಬತ್ತು?

2019ರ ಜನವರಿ 29, ಮಂಗಳವಾರ ಮಧ್ಯಾಹ್ನ. ಬನಶಂಕರಿಯ ಒಂದು ಸಹಕಾರಿ ಬ್ಯಾಂಕಿನ ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಚಿನ್ನ ನೋಡುವವರು ನನ್ನ ನಾಲ್ಕು ಬಳೆ, ಒಂದು ಅವಲಕ್ಕಿ ಸರವನ್ನು ಒರೆಗಲ್ಲಿಗೆ ಉಜ್ಜಿ, ತೂಕಕ್ಕಿಟ್ಟು, 112 ಗ್ರಾಂ ಅಂತ ಚೀಟಿಯಲ್ಲಿ ಬರೆದರು.

"ಮನೆಯಲ್ಲಿ ಮದುವೆನಾ ಮೇಡಂ?" ಅಂತ ಕೇಳಿದರು.

"ಇಲ್ಲ, ಸಂಬಳ" ಅಂದೆ.

ಅವರಿಗೆ ಅರ್ಥ ಆಗಲಿಲ್ಲ. ನನಗೂ ಬಿಡಿಸಿ ಹೇಳುವ ಉತ್ಸಾಹ ಇರಲಿಲ್ಲ.

ನನ್ನ ಬ್ಯಾಗಿನಲ್ಲಿ ಆಗ ಒಂದು ಹಾಳೆ ಇತ್ತು. ನಮ್ಮ ಸಿಎ ಹಿಂದಿನ ವಾರ ಕಳಿಸಿದ್ದ ಒಂಬತ್ತು ತಿಂಗಳ ಲೆಕ್ಕ. ಕೊನೇ ಸಾಲಿನಲ್ಲಿ ಲಾಭ 17 ಲಕ್ಷ. ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿ ಶುರುವಾದ ಮೇಲೆ ಅಷ್ಟು ಲಾಭ ಯಾವತ್ತೂ ಬಂದಿರಲಿಲ್ಲ. ಆದರೆ ಕರೆಂಟ್ ಅಕೌಂಟಿನಲ್ಲಿ ಇದ್ದದ್ದು 3 ಲಕ್ಷ 40 ಸಾವಿರ. ಎರಡು ದಿನ ಕಳೆದರೆ 19 ಜನರಿಗೆ ಸಂಬಳ ಹಾಕಬೇಕು, ಅದು 11 ಲಕ್ಷ 60 ಸಾವಿರ. ನನ್ನ ಪಾಲುದಾರ ಮಗಳ ಹೆಸರಿನಲ್ಲಿ ಇಟ್ಟಿದ್ದ 6 ಲಕ್ಷದ ಎಫ್‌ಡಿ ಮುರಿಸಿದ. ನನ್ನ ಬಳೆ, ಸರಕ್ಕೆ ಎರಡೂವರೆ ಲಕ್ಷ ಸಿಕ್ಕಿತು. ಸಂಬಳ ಹೋಯಿತು. ಖಾತೆಯಲ್ಲಿ 30 ಸಾವಿರ ಉಳಿಯಿತು. ಲಾಭದ ಹಾಳೆ ಬ್ಯಾಗಿನಲ್ಲೇ ಇತ್ತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಬಳೆಯ ವಿಷಯ ಹೇಳಲಿಲ್ಲ. ಸುಮ್ನೆ ಮಾತಾಡಿದೆ. ಆದರೆ ಮಾತಾಡುವಾಗ ಅಪ್ಪಯ್ಯ ಹಿಂದೊಮ್ಮೆ ಕೇಳಿದ್ದ ಪ್ರಶ್ನೆ ನೆನಪಾಗಿ ಹೊಟ್ಟೆಯಲ್ಲಿ ಏನೋ ತಿರುಚಿದ ಹಾಗಾಯಿತು.

2014ರಲ್ಲಿ ನಮಗೆ ಮೊದಲ ಆರ್ಡರ್ ಸಿಕ್ಕಿದಾಗ ಅಪ್ಪಯ್ಯನಿಗೆ ಹೆಮ್ಮೆಯಿಂದ ಹೇಳಿದ್ದೆ, ಆರು ಲಕ್ಷದ ಕೆಲಸ ಸಿಕ್ಕಿತು ಅಂತ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೇದಾತು. ದುಡ್ಡು ಯಾವಾಗ ಬತ್ತು ತಂಗೀ?" ಅಂದ, ಅಂದರೆ ಯಾವಾಗ ಬರುತ್ತದೆ ಅಂತ. ಎಷ್ಟು ಲಾಭ ಅಂತ ಕೇಳಲಿಲ್ಲ. ಏನು ಕೆಲಸ ಅಂತಲೂ ಕೇಳಲಿಲ್ಲ. ನನಗೆ ಸಿಟ್ಟೇ ಬಂದಿತ್ತು. ಹಳ್ಳಿಯ ಮನುಷ್ಯನಿಗೆ ಸಾಫ್ಟ್‌ವೇರ್ ವ್ಯವಹಾರ ಏನು ಗೊತ್ತು ಅಂದುಕೊಂಡಿದ್ದೆ.

ನಮ್ಮದು ಸಾಗರದ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ. ತೋಟ ಇದ್ದವರಿಗೆ ಗೊತ್ತು, ಅಡಿಕೆಯ ದುಡ್ಡು ವರ್ಷಕ್ಕೊಮ್ಮೆ ಬರುವ ದುಡ್ಡು. ಖರ್ಚು ಮಾತ್ರ ಹನ್ನೆರಡೂ ತಿಂಗಳು. ಮಳೆ ಹಿಡಿಯುವ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಮೈಲುತುತ್ತ ಬೇಕು, ಸುಣ್ಣ ಬೇಕು, ಮರ ಹತ್ತುವವರು ಬೇಕು. ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಸಬೇಕು. ತಪ್ಪಿದರೆ ಕೊಳೆ ಬಂದು ಕಾಯೆಲ್ಲ ನೆಲಕ್ಕೆ. ಅದೇ ಜೂನ್‌ನಲ್ಲಿ ನಮ್ಮ ಶಾಲೆ ಫೀಸು, ಪುಸ್ತಕ, ಕೊಡೆ. ಅಡಿಕೆ ಗೊನೆ ಕೊಯ್ಲು ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಬೇಯಿಸಿ ಕೆಂಪಡಿಕೆ ಮಾಡಿದರೆ ಬೇಗ ಮಾರಬಹುದು. ಚಾಲಿ ಮಾಡಿದರೆ ಒಂದೂವರೆ ತಿಂಗಳು ಅಂಗಳದಲ್ಲಿ ಒಣಗಿಸಿ, ಸುಲಿದು, ದರ ನೋಡಿಕೊಂಡು ಕೊಡಬಹುದು. ಆದರೆ ದರ ನೋಡುತ್ತಾ ಕೂರಬೇಕಾದರೆ ಅಷ್ಟು ದಿನ ಮನೆ ನಡೆಯಬೇಕಲ್ಲ. ಅದಕ್ಕೆ ಸೊಸೈಟಿಯ ಬೆಳೆಸಾಲ, ಖಾತೆಗೆ ಬರೆಸಿ ತರುವ ಅಕ್ಕಿ ಬೇಳೆ, ಅಮ್ಮನ ಹಾಲಿನ ದುಡ್ಡು. ಅಡಿಕೆ ಸೊಸೈಟಿಗೆ ಹೋದಾಗ ಸಾಲ ಕಳೆದು ಉಳಿದದ್ದು ಕೈಗೆ.

ಅಪ್ಪಯ್ಯನಿಗೆ ಎಷ್ಟು ಕ್ವಿಂಟಲ್ ಅನ್ನುವುದಕ್ಕಿಂತ ಯಾವ ತಿಂಗಳು ಅನ್ನುವುದೇ ದೊಡ್ಡ ಲೆಕ್ಕ. ಅಟ್ಟದಲ್ಲಿ ಚಾಲಿ ತುಂಬಿದ್ದಾಗಲೂ ನಮ್ಮ ಮನೆಯಲ್ಲಿ ಕೈಸಾಲ ಕೇಳಿಕೊಂಡು ಹೋದದ್ದುಂಟು. ಆವಾಗ ನಾವು ಬಡವರಲ್ಲ. ದುಡ್ಡಿರಲಿಲ್ಲ, ಅಷ್ಟೇ.

ಇದನ್ನು ನೋಡುತ್ತಾ ಬೆಳೆದ ನಾನು ಎಲ್ಲ ಮರೆತದ್ದು ಹೇಗೆ? ಹನ್ನೊಂದು ವರ್ಷ ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ತಿಂಗಳ ಕೊನೆಗೆ ಸಂಬಳ ಬರುವುದು ಬೆಳಗಾದ ಹಾಗೆ. ಯಾರೂ ಅದಕ್ಕೆ ಕಾರಣ ಕೇಳುವುದಿಲ್ಲ. ಪಾಲುದಾರನೂ ನಾನೂ ಇಬ್ಬರೂ ಎಂಜಿನಿಯರ್‌ಗಳು. ಹಣಕಾಸು ಯೋಜನೆ ಅಂದರೆ ವರ್ಷದ ಶುರುವಿನಲ್ಲಿ ಎಕ್ಸೆಲ್‌ನಲ್ಲಿ ಒಂದು ಬಜೆಟ್, ವರ್ಷದ ಕೊನೆಯಲ್ಲಿ ಸಿಎ ಕೊಡುವ ಬ್ಯಾಲೆನ್ಸ್ ಶೀಟ್ ಅಂದುಕೊಂಡಿದ್ದೆವು. ನಡುವೆ ಇರುವ 365 ದಿನ ನಮ್ಮ ಲೆಕ್ಕದಲ್ಲೇ ಇರಲಿಲ್ಲ.

ಆ 17 ಲಕ್ಷ ಲಾಭ ಎಲ್ಲಿತ್ತು ಅಂತ ಹೇಳುತ್ತೇನೆ. ಒಂದು ದೊಡ್ಡ ಕಂಪನಿಗೆ ನಾಲ್ಕು ತಿಂಗಳು ಕೆಲಸ ಮಾಡಿ 2018ರ ಡಿಸೆಂಬರ್ 28ಕ್ಕೆ 42 ಲಕ್ಷದ ಇನ್‌ವಾಯ್ಸ್ ಕಳಿಸಿದ್ದೆವು. ಅದರ ಮೇಲೆ ಜಿಎಸ್‌ಟಿ ನೂರಕ್ಕೆ 18, ಅಂದರೆ 7 ಲಕ್ಷ 56 ಸಾವಿರ. ಒಟ್ಟು 49 ಲಕ್ಷ 56 ಸಾವಿರ. ಜಿಎಸ್‌ಟಿ ಕಟ್ಟುವುದು ದುಡ್ಡು ಬಂದ ಮೇಲೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇನ್‌ವಾಯ್ಸ್ ಹಾಕಿದ ತಿಂಗಳ ಲೆಕ್ಕಕ್ಕೇ ಅದು ಸೇರುತ್ತದೆ. ಮುಂದಿನ ತಿಂಗಳ 20ನೇ ತಾರೀಕಿಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 18ರಂತೆ ಬಡ್ಡಿ.

ಬಟ್ಟೆ ಅಂಗಡಿಯವರಿಗೆ, ಕಾರ್ಖಾನೆಯವರಿಗೆ ಇದರ ಬಿಸಿ ಸ್ವಲ್ಪ ಕಡಿಮೆ. ಅವರು ಮಾಲು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು. ನಮ್ಮ ಮಾಲು ಯಾವುದು? ಸಂಬಳ. ನಮ್ಮ ಖರ್ಚಿನ ಮುಕ್ಕಾಲು ಭಾಗ ಸಂಬಳಕ್ಕೇ ಹೋಗುತ್ತದೆ. ಸಂಬಳಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಳೆಯುವುದಕ್ಕೂ ಏನೂ ಇಲ್ಲ. ಬಾಡಿಗೆ, ಇಂಟರ್ನೆಟ್, ಒಂದೆರಡು ಲ್ಯಾಪ್‌ಟಾಪ್ ಸೇರಿಸಿ ಆ ತಿಂಗಳು 40 ಸಾವಿರ ಕಳೆಯಿತು. ಉಳಿದ 7 ಲಕ್ಷ 16 ಸಾವಿರ ಜನವರಿ 20ಕ್ಕೆ ನಮ್ಮ ಕೈಯಿಂದ ಹೋಯಿತು. ಗಿರಾಕಿ ಕೊಡದ ತೆರಿಗೆಯನ್ನು ಗಿರಾಕಿಯ ಪರವಾಗಿ ನಾವು ಸರ್ಕಾರಕ್ಕೆ ಸಾಲ ಕೊಟ್ಟ ಹಾಗೆ. ಒಂಬತ್ತು ದಿನ ಬಿಟ್ಟು ನಾನು ಬಳೆ ಬಿಚ್ಚಿದ್ದು ಇದಕ್ಕೇ.

ಇನ್ನು ಟಿಡಿಎಸ್, ಗಿರಾಕಿ ನಮಗೆ ದುಡ್ಡು ಕೊಡುವಾಗಲೇ ನಮ್ಮ ಹೆಸರಿನಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಆಗ ನಮ್ಮಂಥವರ ಬಿಲ್ಲಿಗೆ ನೂರಕ್ಕೆ 10 ಹಿಡಿಯುತ್ತಿದ್ದರು. 42 ಲಕ್ಷಕ್ಕೆ 4 ಲಕ್ಷ 20 ಸಾವಿರ. ಈಗ ಯೋಚನೆ ಮಾಡಿ. ಆ ಕೆಲಸದಲ್ಲಿ ನಮ್ಮ ಲಾಭ ನೂರಕ್ಕೆ 12, ಅಂದರೆ 5 ಲಕ್ಷ ಚಿಲ್ಲರೆ. ಸಣ್ಣ ಕಂಪನಿಯ ಆದಾಯ ತೆರಿಗೆ ಸೆಸ್ ಸೇರಿ ನೂರಕ್ಕೆ 26 ಅಂತ ಹಿಡಿದರೂ ಆ ಲಾಭದ ಮೇಲೆ ಬರುವ ತೆರಿಗೆ 1 ಲಕ್ಷ 31 ಸಾವಿರ. ಹಿಡಿದದ್ದು 4 ಲಕ್ಷ 20 ಸಾವಿರ. ಹೆಚ್ಚಿಗೆ ಹಿಡಿದ 2 ಲಕ್ಷ 89 ಸಾವಿರ ರಿಟರ್ನ್ ಹಾಕಿ, ರೀಫಂಡ್ ಬರುವ ತನಕ ನಮ್ಮದಾಗಿಯೂ ನಮ್ಮದಲ್ಲ. ಕಡಿಮೆ ಹಿಡಿಯಿರಿ ಅಂತ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬಹುದು ಅನ್ನುವುದು ಆಗ ನಮಗೆ ಗೊತ್ತಿರಲಿಲ್ಲ. 2020ರಲ್ಲಿ ತಾಂತ್ರಿಕ ಸೇವೆಗಳಿಗೆ ಇದನ್ನು ನೂರಕ್ಕೆ 2ಕ್ಕೆ ಇಳಿಸಿದರು. ಆ ದಿನ ನಮ್ಮ ಆಫೀಸಿನಲ್ಲಿ ಕೆಳಗಿನ ಅಂಗಡಿಯಿಂದ ಮೈಸೂರು ಪಾಕ್ ತರಿಸಿದ್ದೆವು. ಹುಡುಗರಿಗೆ ಯಾಕೆ ಅಂತ ಗೊತ್ತೇ ಆಗಲಿಲ್ಲ.

ಆ ಇನ್‌ವಾಯ್ಸಿನ ದುಡ್ಡು ಬಂದದ್ದು ಮೇ 10ಕ್ಕೆ. 133 ದಿನ. ಒಪ್ಪಂದದಲ್ಲಿ ಬರೆದದ್ದು 45 ದಿನ.

ಇಲ್ಲಿ ಯಾರೂ ನಮಗೆ ಮೋಸ ಮಾಡಲಿಲ್ಲ. ಅದೇ ಇದರ ವಿಚಿತ್ರ. ಕೆಲಸ ಚೆನ್ನಾಗಿದೆ ಅಂತ ಹೊಗಳಿದರು. ಆದರೆ 45 ದಿನ ಎಲ್ಲಿಂದ ಎಣಿಸುವುದು? ನಾವು ಇನ್‌ವಾಯ್ಸ್ ಕಳಿಸಿದ ದಿನದಿಂದ ಎಣಿಸುತ್ತಿದ್ದೆವು. ಅವರು ಕೆಲಸ ಒಪ್ಪಿಕೊಂಡೆವು ಅಂತ ಸಹಿ ಹಾಕಿದ ದಿನದಿಂದ. ಸಹಿ ಹಾಕಬೇಕಾದ ಮ್ಯಾನೇಜರ್ ಜನವರಿಯಲ್ಲಿ ಬೇರೆ ವಿಭಾಗಕ್ಕೆ ಹೋದರು. ಹೊಸಬರಿಗೆ ಪ್ರಾಜೆಕ್ಟ್ ಏನು ಅಂತಲೇ ಗೊತ್ತಿಲ್ಲ. ಅವರು ಸಹಿ ಹಾಕಿದ ಮೇಲೆ ಅವರ ಸಿಸ್ಟಮ್‌ನಲ್ಲಿ ಸರ್ವಿಸ್ ಎಂಟ್ರಿ, ಅಂದರೆ ಕೆಲಸ ಮುಗಿದಿದೆ ಅನ್ನುವ ದಾಖಲೆ, ಆಗಬೇಕು. ಎಂಟ್ರಿಗೆ ಪಿಒದಲ್ಲಿ, ಅಂದರೆ ಅವರು ಕೊಟ್ಟ ಪರ್ಚೇಸ್ ಆರ್ಡರಿನಲ್ಲಿ, ಬ್ಯಾಲೆನ್ಸ್ ಇರಬೇಕು. ನಮ್ಮ ಪಿಒ ಡಿಸೆಂಬರ್ 31ಕ್ಕೆ ಮುಗಿದಿತ್ತು. ಅದನ್ನು ವಿಸ್ತರಿಸಲು ಪರ್ಚೇಸ್‌ನವರ ಒಪ್ಪಿಗೆ ಬೇಕು. ಅದಾದ ಮೇಲೆ ಅಕೌಂಟ್ಸ್‌ನವರು ತಿಂಗಳಿಗೆ ಎರಡೇ ಸಲ, 10 ಮತ್ತು 25ನೇ ತಾರೀಕಿಗೆ ದುಡ್ಡು ಬಿಡುವುದು. 11ನೇ ತಾರೀಕಿಗೆ ಎಂಟ್ರಿ ಆದರೆ ಹದಿನಾಲ್ಕು ದಿನ ಹೋಯಿತು ಅಂತ ಲೆಕ್ಕ. ಮಾರ್ಚ್ ಕೊನೆ ವಾರ ಅವರದ್ದೇ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಎಲ್ಲ ಬಂದ್. ಅಲ್ಲಿ ಇದ್ದವರೆಲ್ಲ ಒಳ್ಳೆಯವರೇ. ಒಬ್ಬೊಬ್ಬರೂ ಒಂದೊಂದು ವಾರ ತಡ ಮಾಡಿದರು, ಅಷ್ಟೇ.

ಇಂಥದ್ದಕ್ಕೆ ಕಾನೂನು ಇದೆ. 2006ರ ಎಂಎಸ್‌ಎಂಇ, ಅಂದರೆ ಮೈಕ್ರೋ, ಸ್ಮಾಲ್, ಮೀಡಿಯಂ ಉದ್ಯಮಗಳ, ಅಭಿವೃದ್ಧಿ ಕಾಯ್ದೆ ಪ್ರಕಾರ ಸಣ್ಣ ಉದ್ಯಮದವರಿಗೆ ಕೊಡಬೇಕಾದ ದುಡ್ಡನ್ನು 45 ದಿನಕ್ಕಿಂತ ಜಾಸ್ತಿ ಹಿಡಿದಿಡುವ ಹಾಗಿಲ್ಲ, ಒಪ್ಪಂದದಲ್ಲಿ ಏನೇ ಬರೆದಿರಲಿ. ಕೆಲಸ ಒಪ್ಪಿಸಿ 15 ದಿನದೊಳಗೆ ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ ಒಪ್ಪಿಕೊಂಡ ಹಾಗೇ ಲೆಕ್ಕ. ತಡ ಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ. ಆ ಲೆಕ್ಕದಲ್ಲಿ ನಮಗೆ ಎರಡು ಲಕ್ಷದ ಆಸುಪಾಸು ಬಡ್ಡಿ ಬರಬೇಕಿತ್ತು. ದೂರು ಕೊಡಲು ಸಮಾಧಾನ್ ಅನ್ನುವ ಪೋರ್ಟಲ್ ಕೂಡ 2017ರಲ್ಲೇ ಶುರುವಾಗಿತ್ತು.

ಸಿಎ ಇದನ್ನೆಲ್ಲ ವಿವರಿಸಿ, "ಹಾಕೋಣವಾ ಮೇಡಂ?" ಅಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ವರ್ಷದ ವ್ಯವಹಾರದಲ್ಲಿ ಅರ್ಧ ಆ ಒಂದು ಗಿರಾಕಿಯದ್ದು. ಅವರ ಮೇಲೆ ದೂರು ಕೊಟ್ಟು ಬಡ್ಡಿ ತಗೊಂಡು ಮನೆಗೆ ಹೋಗಬೇಕಷ್ಟೇ. ಕೊಡಲಿಲ್ಲ. ಇವತ್ತಿಗೂ ಅದು ಹೇಡಿತನವೋ ಬುದ್ಧಿವಂತಿಕೆಯೋ ನನಗೆ ಗೊತ್ತಿಲ್ಲ. ಆದರೆ ಒಂದು ನಿರ್ಧಾರ ಅಲ್ಲೇ ಆಯಿತು, ಯಾವ ಗಿರಾಕಿಯೂ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಆಗಬಾರದು ಅಂತ. ಈ ಮಿತಿಯೊಳಗೆ ಬರಲು ನಮಗೆ ಮೂರು ವರ್ಷ ಹಿಡಿಯಿತು.

ಕಾನೂನಿಗೆ ನಿಜವಾಗಿ ಹಲ್ಲು ಬಂದದ್ದನ್ನು ನಾನು ನೋಡಿದ್ದು 2024ರ ಫೆಬ್ರವರಿಯಲ್ಲಿ. ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಅಂತ ಒಂದು ಸಾಲು ಸೇರಿತ್ತು. ಮೈಕ್ರೋ ಮತ್ತು ಸ್ಮಾಲ್ ಉದ್ಯಮಗಳಿಗೆ ಗಡುವಿನೊಳಗೆ ದುಡ್ಡು ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವ ಹಾಗಿಲ್ಲ, ಕೊಟ್ಟ ವರ್ಷ ಕಳೆಯಬೇಕು. ಬಡ್ಡಿಗೆ ಹೆದರದವರು ಇದಕ್ಕೆ ಹೆದರಿದರು. ಎಂದೂ ನಾವಾಗಿ ಫೋನ್ ಮಾಡದೆ ಮಾತಿಗೆ ಸಿಗದಿದ್ದ ಅಕೌಂಟ್ಸ್‌ನವರು ಅವರಾಗಿಯೇ ಫೋನ್ ಮಾಡಿ, "ಮೇಡಂ, ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ" ಅಂತ ಕೇಳಲು ಶುರುಮಾಡಿದರು. ನಾವು ಸಣ್ಣ ಉದ್ಯಮ ಅನ್ನುವುದಕ್ಕೆ ಸರ್ಕಾರ ಕೊಡುವ ನೋಂದಣಿ ಪತ್ರ ಅದು. ಒಬ್ಬರಂತೂ, "ನೀವು ಮೀಡಿಯಂ ಅಲ್ವಾ?" ಅಂತ ಆಸೆಯಿಂದ ಕೇಳಿದರು. ಮೀಡಿಯಂ ಆಗಿದ್ದರೆ ಅವರು ಬಚಾವ್, ಈ ನಿಯಮ ಮೀಡಿಯಂಗೆ ಇಲ್ಲ. ನಾವು ಮೈಕ್ರೋ ಅಂತ ಹೇಳುವಾಗ ಜೀವನದಲ್ಲಿ ಮೊದಲ ಸಲ ಸಣ್ಣವಳಾಗಿರುವುದಕ್ಕೆ ಖುಷಿಯಾಯಿತು. ಆ ಮಾರ್ಚ್‌ನಲ್ಲಿ ನಮ್ಮ ಬಾಕಿ ಪಟ್ಟಿ ಹಿಂದೆಂದೂ ಇಲ್ಲದಷ್ಟು ಚಿಕ್ಕದಾಯಿತು. ಸಣ್ಣವರ ಹತ್ತಿರ ಕೊಳ್ಳುವುದನ್ನೇ ಬಿಟ್ಟ ಕಂಪನಿಗಳೂ ಇವೆ ಅಂತ ಪರಿಚಯದವರು ಹೇಳುತ್ತಾರೆ. ಅದೂ ಇರಬಹುದು. ಹಾವು ಸಾಯಬಾರದು ಕೋಲು ಮುರಿಯಬಾರದು ಅನ್ನುವವರು ಎಲ್ಲ ಕಡೆ ಇರುತ್ತಾರೆ.

ಮತ್ತೆ 2019ಕ್ಕೆ ಬರುತ್ತೇನೆ. ಜನವರಿ ದಾಟಿತು, ಫೆಬ್ರವರಿ, ಮಾರ್ಚ್ ಹೇಗೆ ದಾಟಿದೆವು? ನಾವಿಬ್ಬರೂ ಸಂಬಳ ತೆಗೆದುಕೊಳ್ಳಲಿಲ್ಲ. ಬಾಡಿಗೆಯನ್ನು ಮಾಲೀಕರ ಹತ್ತಿರ ಹೇಳಿ ತಡ ಮಾಡಿದೆವು. ಅಮೆರಿಕದ ಒಂದು ಸಣ್ಣ ಗಿರಾಕಿ ಸರಿಯಾಗಿ ಕೊಟ್ಟರು. ಅಲ್ಲಿಗೆ ಮಾಡುವ ಕೆಲಸ ರಫ್ತಿನ ಲೆಕ್ಕ, ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಕೊಟ್ಟಿದ್ದರೆ ಜಿಎಸ್‌ಟಿ ಕಟ್ಟುವ ತಲೆಬಿಸಿಯೂ ಇಲ್ಲ. ಏಪ್ರಿಲ್‌ಗೆ ಪೀಣ್ಯದ ದುಡ್ಡು ಬಂತು. ನಿಜವಾದ ತಪ್ಪು ಮಾಡಿದ್ದು ಅಲ್ಲಿ.

ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಕೊಡುತ್ತೇವೆ. ಆಗ 31 ಕಾರ್ಖಾನೆಗಳು, ವರ್ಷಕ್ಕೆ ತಲಾ 45 ಸಾವಿರ, ಏಪ್ರಿಲ್‌ನಲ್ಲೇ ಮುಂಗಡ. ಒಟ್ಟು ಹದಿನಾಲ್ಕು ಲಕ್ಷದ ಹತ್ತಿರ. ಬಾಯಾರಿದವರ ಮುಂದೆ ಕೊಡ ಇಟ್ಟ ಹಾಗಾಯಿತು. ಬಾಕಿ ಬಾಡಿಗೆ ಕೊಟ್ಟೆವು, ಏಪ್ರಿಲ್ ಸಂಬಳ ಕೊಟ್ಟೆವು, ಮತ್ತೆ ದುಡ್ಡಿದೆ ಅನ್ನುವ ಧೈರ್ಯಕ್ಕೆ ಇಬ್ಬರು ಹೊಸಬರನ್ನು ಸೇರಿಸಿಕೊಂಡೆವು. ಆದರೆ ಅದು ನಮ್ಮ ದುಡ್ಡಾಗಿರಲಿಲ್ಲ. ಮುಂದಿನ ಮಾರ್ಚ್‌ವರೆಗೆ ಆ 31 ಕಾರ್ಖಾನೆಗಳಿಗೆ ಮಾಡಬೇಕಾದ ಕೆಲಸದ ಕೂಲಿಯನ್ನು ಮೊದಲೇ ತಿಂದಿದ್ದೆವು. ಲೆಕ್ಕದ ಪುಸ್ತಕದಲ್ಲಿ ಅದು ಸಾಲದ ಕಡೆಗೇ ಬರುವ ಬಾಬ್ತು, ತಿಂಗಳು ಕಳೆದಂತೆ ಹನ್ನೆರಡರಲ್ಲಿ ಒಂದು ಪಾಲು ಮಾತ್ರ ಆದಾಯಕ್ಕೆ ಬರುತ್ತದೆ.

ನಮ್ಮ ಕಡೆ ಇದಕ್ಕೆ ಸರಿಯಾದ ಹೋಲಿಕೆ ಇದೆ. ಚೇಣಿ. ಮರದ ಮೇಲಿರುವ ಫಸಲನ್ನು ಕೊಯ್ಲಿಗೆ ಮೊದಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟು ಮುಂಗಡ ತರುವುದು. ಮಗಳ ಮದುವೆಗೋ ಆಸ್ಪತ್ರೆಗೋ ತಂದ ಚೇಣಿ ದುಡ್ಡು ಖರ್ಚಾಗಿ ಹೋಗಿರುತ್ತದೆ. ಆಮೇಲೆ ತೋಟದಲ್ಲಿ ಗೊನೆ ತೂಗುತ್ತಿದ್ದರೂ ನೋಡಿ ಖುಷಿ ಪಡುವ ಹಾಗಿಲ್ಲ. "ಮರದ ಮೇಲಿಪ್ಪ ಅಡಿಕೆ ಲೆಕ್ಕಕ್ಕಿಲ್ಲೆ" ಅಂತ ಅಪ್ಪಯ್ಯ ಹೇಳುವುದು ಎರಡೂ ಕಡೆಗೆ ಹೊಂದುತ್ತದೆ, ಬರಬೇಕಾದದ್ದಕ್ಕೂ, ಮೊದಲೇ ತಂದದ್ದಕ್ಕೂ. ಈಗ ಪೀಣ್ಯದ ದುಡ್ಡು ಬಂದ ದಿನವೇ ಬೇರೆ ಖಾತೆಗೆ ಹೋಗುತ್ತದೆ. ಅಲ್ಲಿಂದ ತಿಂಗಳಿಗೊಂದು ಕಂತು ನಮ್ಮ ಖಾತೆಗೆ. ಪಾಲುದಾರ ಆ ಖಾತೆಗೆ ಅಟ್ಟ ಅಂತ ಹೆಸರಿಟ್ಟಿದ್ದಾನೆ. ಅವನು ಮಂಡ್ಯದವನು. ಅಟ್ಟದ ವಿಷಯ ನನ್ನಿಂದ ಕೇಳಿ ಕಲಿತದ್ದು.

ಆ ವರ್ಷದ ಜೂನ್‌ನಲ್ಲಿ ಶುರುಮಾಡಿದ ಒಂದು ಹಾಳೆ ಇವತ್ತಿಗೂ ನಡೆಯುತ್ತಿದೆ. ಪ್ರತಿ ಸೋಮವಾರ ಬೆಳಿಗ್ಗೆ ಮುಂದಿನ 13 ವಾರಗಳನ್ನು ಬರೆಯುತ್ತೇವೆ. ಎಡಗಡೆ ಹೋಗುವ ದುಡ್ಡು. ಇದರಲ್ಲಿ ಅನುಮಾನವೇ ಇಲ್ಲ, ಯಾವುದೂ ತಾರೀಕು ತಪ್ಪುವುದಿಲ್ಲ. 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿ, ತಿಂಗಳ ಕೊನೆಗೆ ಸಂಬಳ. ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್‌ನ 15ಕ್ಕೆ ಮುಂಗಡ ತೆರಿಗೆ. ಕ್ಲೌಡ್ (ಬಾಡಿಗೆ ಸರ್ವರ್) ಬಿಲ್ಲು ಡಾಲರ್‌ನಲ್ಲಿ, ರೂಪಾಯಿ ಬಿದ್ದಾಗ ನಾವೇನೂ ಹೆಚ್ಚು ಬಳಸದೆಯೂ ಅದು ಏರುತ್ತದೆ. ಬಲಗಡೆ ಬರುವ ದುಡ್ಡು. ಅದಕ್ಕೆ ಮೂರು ಕಾಲಂ: ಬಂದೇ ಬರುವುದು, ಬರಬಹುದು, ಬಂದರೆ ದೇವರ ದಯೆ. ಸಂಬಳವನ್ನು ಮೊದಲ ಕಾಲಂನಿಂದ ಮಾತ್ರ ಲೆಕ್ಕ ಹಾಕಬೇಕು. ಹೊಸಬರನ್ನು ಸೇರಿಸಿಕೊಳ್ಳುವುದಾದರೆ ಎರಡನೇ ಕಾಲಂನ ಅರ್ಧ ಹಿಡಿಯಬಹುದು. ಮೂರನೆಯದನ್ನು ನೋಡಿ ಏನೂ ಮಾಡುವ ಹಾಗಿಲ್ಲ, ಫಾಲೋಅಪ್ ಫೋನ್ ಒಂದನ್ನು ಬಿಟ್ಟು.

ಕೇಳಲು ಬಹಳ ಸರಳ. ಕಷ್ಟ ಇರುವುದು ಹಾಳೆ ಬರೆಯುವುದರಲ್ಲಲ್ಲ, ಸುಳ್ಳು ಹೇಳಿಕೊಳ್ಳದೆ ಬರೆಯುವುದರಲ್ಲಿ. ಸೇಲ್ಸ್ ನೋಡಿಕೊಳ್ಳುವ ಪಾಲುದಾರನಿಗೆ ಎಲ್ಲವೂ ಮೊದಲ ಕಾಲಂ. ನನಗೆ ಎಲ್ಲವೂ ಮೂರನೆಯದು. ಪ್ರತಿ ಸೋಮವಾರ ಜಗಳ. ಆ ಜಗಳವೇ ನಮ್ಮ ಹಣಕಾಸು ಯೋಜನೆ ಅಂತ ಈಗ ಅನ್ನಿಸುತ್ತದೆ.

ಬೆಂಗಳೂರಿನ ಪತ್ರಿಕೆಗಳಲ್ಲಿ ಬರುವ ಸ್ಟಾರ್ಟಪ್‌ಗಳ ಕಥೆ ಬೇರೆ. ಅವರು ಹೂಡಿಕೆದಾರರ ದುಡ್ಡನ್ನು ತಿಂಗಳಿಗೆ ಎಷ್ಟು ಸುಡುತ್ತೇವೆ, ಇನ್ನೆಷ್ಟು ತಿಂಗಳು ಉಳಿದಿದೆ ಅಂತ ಎಣಿಸುತ್ತಾರೆ. ನಮಗೆ ಸುಡಲು ಬೇರೆಯವರ ದುಡ್ಡಿಲ್ಲ. ಒಮ್ಮೆ ಬ್ಯಾಂಕಿಗೆ ಸಾಲಕ್ಕೆ ಹೋದಾಗ ಮ್ಯಾನೇಜರ್, "ಮಶೀನ್ ಏನಿದೆ ಮೇಡಂ?" ಅಂತ ಕೇಳಿದ್ದರು. ಲ್ಯಾಪ್‌ಟಾಪ್ ಇವೆ ಅಂದೆ. ಅವರು ನಕ್ಕರು. ಅಡಮಾನ ಇಲ್ಲದೆ ಸಾಲ ಸಿಗಲಿ ಅಂತ 2000ದಿಂದ ಸಿಜಿಟಿಎಂಎಸ್‌ಇ ಅನ್ನುವ ಖಾತರಿ ನಿಧಿ ಇದೆ. ಆ ಹೆಸರು ಹೇಳಿದ ಮೇಲೂ ಅವರು ಸೈಟ್ ಪತ್ರ ಇದೆಯಾ ಅಂತಲೇ ಕೇಳಿದರು. ಈಗ ನಮ್ಮ ಹತ್ತಿರ ಎರಡೂವರೆ ತಿಂಗಳ ಸಂಬಳದಷ್ಟು ಎಫ್‌ಡಿ ಇದೆ, ಅದರ ಮೇಲೆ ಓಡಿ, ಅಂದರೆ ಬೇಕಾದಾಗ ತೆಗೆಯಬಹುದಾದ ಓವರ್‌ಡ್ರಾಫ್ಟ್ ಸಾಲ, ಇದೆ. ಎಫ್‌ಡಿ ಬಡ್ಡಿಗಿಂತ ಒಂದು ಪರ್ಸೆಂಟ್ ಜಾಸ್ತಿ, ಬಳಸಿದ ದಿನಕ್ಕಷ್ಟೇ ಬಡ್ಡಿ. ಬಳೆಗಿಂತ ವಾಸಿ.

ಕೋವಿಡ್ ಬಂದಾಗ ಒಂದು ತಮಾಷೆ ಆಯಿತು. ಆಗ ಅದು ತಮಾಷೆ ಅನ್ನಿಸಿರಲಿಲ್ಲ. 2020ರ ಮೇನಲ್ಲಿ ಸರ್ಕಾರ ಸಣ್ಣ ಉದ್ಯಮಗಳಿಗೆ ತುರ್ತು ಸಾಲದ ಯೋಜನೆ ತಂದಿತು. ಪೂರ್ತಿ ಸರ್ಕಾರದ ಖಾತರಿ, ಅಡಮಾನ ಬೇಡ. ಎಷ್ಟು ಸಾಲ? ಫೆಬ್ರವರಿ 29ಕ್ಕೆ ಬ್ಯಾಂಕಿನಲ್ಲಿ ಬಾಕಿ ಇದ್ದ ಸಾಲದ ನೂರಕ್ಕೆ 20ರಷ್ಟು. ನಾವು ಹಿಂದಿನ ವರ್ಷದ ಪಾಠ ಕಲಿತು ಎಲ್ಲ ಸಾಲ ತೀರಿಸಿ ಕೂತಿದ್ದೆವು. ಸೊನ್ನೆಯ ನೂರಕ್ಕೆ 20 ಸೊನ್ನೆ. ಪೀಣ್ಯದ 31 ಕಾರ್ಖಾನೆಗಳಲ್ಲಿ 9 ಆ ವರ್ಷ ದುಡ್ಡು ಕಟ್ಟಲಿಲ್ಲ. ಕಟ್ಟಿ ಅಂತ ನಾವೂ ಕೇಳಲಿಲ್ಲ, ಶಟರ್ ಎಳೆದಿದ್ದವರ ಹತ್ತಿರ ಏನು ಕೇಳುವುದು.

ಇದು ಸಣ್ಣವರ ಸಂಕಟ ಮಾತ್ರ ಅಂದುಕೊಂಡಿದ್ದೆ. 2023ರ ಮಾರ್ಚ್ 10ರಂದು ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಚ್ಚಿದ ಸುದ್ದಿ ಬಂತು. ನಮ್ಮದು ಅಲ್ಲಿ ಒಂದು ಪೈಸೆಯೂ ಇರಲಿಲ್ಲ. ಆದರೂ ಆ ಶನಿವಾರ, ಭಾನುವಾರ ಅದನ್ನೇ ಓದಿದೆ. 200 ಬಿಲಿಯನ್ ಡಾಲರ್‌ಗೂ ಮೀರಿದ ಆಸ್ತಿ ಇದ್ದ ಬ್ಯಾಂಕು. ಯಾವತ್ತು ಬೇಕಾದರೂ ವಾಪಸ್ ಕೇಳಬಹುದಾದ ಠೇವಣಿಯನ್ನು ತಗೊಂಡು, ವರ್ಷಗಟ್ಟಲೆ ಕಾಯಬೇಕಾದ ಬಾಂಡ್‌ಗಳಲ್ಲಿ ಹಾಕಿದ್ದರು. ಬಡ್ಡಿ ದರ ಏರಿ ಬಾಂಡಿನ ಬೆಲೆ ಇಳಿಯಿತು. ಮಾರಬೇಕಾಗಿ ಬಂದು 1.8 ಬಿಲಿಯನ್ ನಷ್ಟ ತೋರಿಸಿದರು. ಮಾರನೇ ದಿನ ಒಂದೇ ದಿನದಲ್ಲಿ ಜನ 42 ಬಿಲಿಯನ್ ತೆಗೆದರು. ಠೇವಣಿ ಇಟ್ಟಿದ್ದವರಲ್ಲಿ ಬಹಳ ಜನ ಟೆಕ್ ಕಂಪನಿಗಳೇ, ಮುಂದಿನ ವಾರ ಸಂಬಳ ಹಾಕಬೇಕಾದವರು. ಬಾಂಡ್‌ಗಳು ಕೆಟ್ಟವಲ್ಲ. ಸರ್ಕಾರದ ಖಾತರಿ ಇದ್ದವು, ಕಾದಿದ್ದರೆ ಪೂರ್ತಿ ದುಡ್ಡು ಬರುತ್ತಿತ್ತು. ಅಟ್ಟದಲ್ಲಿ ಚಾಲಿ ಇಟ್ಟುಕೊಂಡು ಕೈಸಾಲಕ್ಕೆ ಹೋದ ಅಪ್ಪಯ್ಯನ ನೆನಪಾಯಿತು. ಅಪ್ಪಯ್ಯನಿಗೆ ಆದರೆ ಕೈಸಾಲ ಕೊಡುವವರು ಪಕ್ಕದ ಮನೆಯಲ್ಲೇ ಇದ್ದರು.

ಇನ್ನೊಂದು ವಿಷಯದಲ್ಲಿ ನಾವು ಇನ್ನೂ ದಡ್ಡರೇ. ಗ್ರಾಚ್ಯುಟಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವಲ್ಲಿ ಐದು ವರ್ಷ ದುಡಿದವರು ಬಿಡುವಾಗ ಕೊಡಬೇಕಾದದ್ದು. ನಮ್ಮ ಮೊದಲ ಹುಡುಗಿ ಆರು ವರ್ಷ ದುಡಿದು, ಮದುವೆಯಾಗಿ ಪುಣೆಗೆ ಹೋದಳು. ಮೂಲ ವೇತನ 30 ಸಾವಿರ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆರು ವರ್ಷಕ್ಕೆ ಲೆಕ್ಕ ಹಾಕಿದರೆ 1 ಲಕ್ಷ 3 ಸಾವಿರದ 846. ಕೊಟ್ಟೆವು, ಖುಷಿಯಿಂದಲೇ. ಆದರೆ ಆರು ವರ್ಷ ಅದು ದಿನಾ ಬೆಳೆಯುತ್ತಿತ್ತು, ನಮ್ಮ ಯಾವ ಹಾಳೆಯಲ್ಲೂ ಇರಲಿಲ್ಲ. ಈಗ ನಮ್ಮಲ್ಲಿ 26 ಜನ, ಅದರಲ್ಲಿ 11 ಜನ ಐದು ವರ್ಷ ದಾಟಿದವರು. ಹಳಬರು ಬಿಟ್ಟು ಹೋಗದಿರುವುದು ನಮ್ಮ ಹೆಮ್ಮೆ. ಅದೇ ಹೆಮ್ಮೆ 13 ವಾರದ ಹಾಳೆಗೆ ಹಿಡಿಸದ ಸಾಲ. ಅದಕ್ಕೆ ಬೇರೆ ದುಡ್ಡು ತೆಗೆದಿಡಬೇಕು ಅಂತ ಎರಡು ವರ್ಷದಿಂದ ಹೇಳಿಕೊಳ್ಳುತ್ತಿದ್ದೇವೆ.

ಬಳೆ ಬಿಡಿಸಿಕೊಂಡದ್ದು 2019ರ ಮೇ ಕೊನೆಗೆ. ಸರ ಕೊರಳಿಗೆ ಹಾಕಿಕೊಂಡು ಊರಿಗೆ ಹೋದೆ. ಅಮ್ಮ ನೋಡಿದಳು, ಏನೂ ಕೇಳಲಿಲ್ಲ. ಆಮೇಲೆ ಬೀರು ತೆಗೆದು ತನ್ನ ಹಳೇ ಸೊಸೈಟಿ ಪಾಸ್‌ಬುಕ್ ತೋರಿಸಿದಳು. ನನ್ನ ಎಂಜಿನಿಯರಿಂಗ್ ಸೀಟಿನ ವರ್ಷ ಜೂನ್‌ನಲ್ಲಿ ಒಂದು ಚಿನ್ನದ ಸಾಲ. ತೀರಿದ್ದು ಮಾರ್ಚ್‌ನಲ್ಲಿ, ಅಡಿಕೆ ಹೋದ ಮೇಲೆ. ಅದೇ ಅವಲಕ್ಕಿ ಸರ.

ಈ ಸೋಮವಾರವೂ ಹಾಳೆಯ ಮುಂದೆ ಕೂತಿದ್ದೆವು. ಒಂದು ಗಿರಾಕಿಯ 9 ಲಕ್ಷ ಐದು ವಾರದಿಂದ ದೇವರ ದಯೆಯಲ್ಲೇ ಇದೆ. ಅಷ್ಟರಲ್ಲಿ ಪಾಲುದಾರನ ಮೊಬೈಲಿಗೆ ಅವರ ಅಕೌಂಟ್ಸ್‌ನಿಂದ ಮೆಸೇಜ್ ಬಂತು: "ಸರ್, ಸರ್ವಿಸ್ ಎಂಟ್ರಿ ಆಗಿದೆ, 25ಕ್ಕೆ ಹಾಕಿದೀವಿ." ಅವನು ಮೊಬೈಲ್ ನನ್ನ ಕಡೆ ತಿರುಗಿಸಿ ಹುಬ್ಬು ಹಾರಿಸಿದ. ನಾನು ಆ 9 ಲಕ್ಷವನ್ನು ಮೂರನೇ ಕಾಲಂನಿಂದ ತೆಗೆದು ಎರಡನೆಯದಕ್ಕೆ ಹಾಕಿದೆ.

"ಮೊದಲನೆಯದಕ್ಕೆ ಹಾಕು ಮಾರಾಯ್ತಿ, 25ಕ್ಕೆ ಅಂದಿದಾರಲ್ಲ" ಅಂದ.

"25ಕ್ಕೆ ನೋಡೋಣ" ಅಂದೆ.